ಐವತ್ತು ಸೆಂಟಿನ ಪುಸ್ತಕ

ಆಗಸ್ಟ್ 15 ಹತ್ತಿರವಾದಂತೆ ನಮ್ಮ ಪ್ರೌಢಶಾಲೆಗಳಲ್ಲಿ ಭಾಷಣ ಸ್ಪರ್ಧೆಗಳ ಸಡಗರ. ಮೇಷ್ಟ್ರು ಬರೆದುಕೊಟ್ಟದ್ದನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಭಾಷಣ ಕಲಿಸುವುದೆಂದರೆ ಇಷ್ಟೇ ಏನು? ಅಮೆರಿಕದ ಇತಿಹಾಸದಲ್ಲಿ ಇದಕ್ಕೊಂದು ಉತ್ತರವಿದೆ.

1797ರಲ್ಲಿ ಬೋಸ್ಟನ್ನಿನ ಶಿಕ್ಷಕ ಕೇಲಬ್ ಬಿಂಗಮ್ ಶಾಲಾ ಮಕ್ಕಳಿಗೆ ಭಾಷಣ ಕಲಿಸಲು ‘ಕೊಲಂಬಿಯನ್ ಆರೇಟರ್’ ಎಂಬ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಒಡೆಯ ಮತ್ತು ಗುಲಾಮನ ಸಂವಾದವೊಂದಿತ್ತು. ಓಡಿಹೋಗಿ ಸಿಕ್ಕಿಬಿದ್ದ ಗುಲಾಮ, ಒಡೆಯನ ಒಂದೊಂದು ವಾದಕ್ಕೂ ಉತ್ತರ ಕೊಟ್ಟು, ಮಾತಿನಿಂದಲೇ ಬಿಡುಗಡೆ ಪಡೆಯುತ್ತಾನೆ.

1830ರ ಸುಮಾರಿಗೆ ಬಾಲ್ಟಿಮೋರ್‌ನಲ್ಲಿ ಹನ್ನೆರಡರ ಆಸುಪಾಸಿನ ಗುಲಾಮ ಬಾಲಕನೊಬ್ಬ 50 ಸೆಂಟ್ ಕೊಟ್ಟು ಆ ಪುಸ್ತಕ ಕೊಂಡ. ಶಾಲೆಯ ಬಾಗಿಲು ಅವನಿಗೆ ಮುಚ್ಚಿತ್ತು. ಅವಕಾಶ ಸಿಕ್ಕಾಗಲೆಲ್ಲ ಅದನ್ನೇ ಓದಿದ. ಅವನೇ ಫ್ರೆಡರಿಕ್ ಡಗ್ಲಸ್.

1838ರಲ್ಲಿ ಡಗ್ಲಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡರು. 1841ರಲ್ಲಿ ನಾಂಟಕೆಟ್‌ನ ಸಭೆಯಲ್ಲಿ ತಮ್ಮ ಕಥೆ ಹೇಳಿದರು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಬಿಳಿಯ ಗೆಳೆಯರೇ ಆಗ, ನೀವು ನಡೆದದ್ದನ್ನಷ್ಟೇ ಹೇಳಿ, ವಿಚಾರ ನಮಗೆ ಬಿಡಿ ಎಂದರು. ಡಗ್ಲಸ್‌ರಿಗೆ ಅದು ಸಾಲಲಿಲ್ಲ. 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ, ನಿಮ್ಮ ಸ್ವಾತಂತ್ರ್ಯ ದಿನದಲ್ಲಿ ಗುಲಾಮನ ಪಾಲೇನು ಎಂದು ಸಭೆಯನ್ನೇ ಕೇಳಿದರು.

ಅನುಭವಿಸಿದವನಿಗೆ ಕಥೆ, ಓದಿದವನಿಗೆ ವಿಚಾರ ಎಂದು ಪಾಲು ಮಾಡುವುದು ಅನ್ಯಾಯ. ನಮ್ಮ ಮಕ್ಕಳು ತಮ್ಮ ಮನೆಯ, ಬೀದಿಯ ಕಥೆ ಹೇಳಲಿ. ಆ ಕಥೆಯಿಂದ ಏಳುವ ಪ್ರಶ್ನೆಯನ್ನೂ ಅವರೇ ಕೇಳಲಿ. ಚಪ್ಪಾಳೆಯ ಜೊತೆಗೆ ಉತ್ತರ ಕೊಡುವ ಸಿದ್ಧತೆಯೂ ಹಿರಿಯರಾದ ನಮಗಿರಬೇಕು.