ಹಳೆ ಬ್ರಾಂಚುಗಳ ವಿಲೇವಾರಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2022ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್‌ನ ಮೂರನೇ ಸೆಮಿಸ್ಟರಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ, ಕೋಡಿನ ಚರಿತ್ರೆ ಕಾಯ್ದಿಡುವ ಗಿಟ್ ತಂತ್ರಾಂಶ ಕಲಿಸುವ ಲ್ಯಾಬ್ ತಂದದ್ದು ನಮ್ಮ ಭಾಗಕ್ಕೆ ದೊಡ್ಡ ಉಪಕಾರ. ಮುಡಬಿಯಂಥ ಊರುಗಳಿಂದ ಬಸವಕಲ್ಯಾಣಕ್ಕೋ ಭಾಲ್ಕಿಗೋ ಹೋಗಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಹೈದರಾಬಾದ್, ಪುಣೆಯ ಕಂಪನಿ ಸೇರಿದ ಕೂಡಲೇ ಬೇಕಾಗುವ ವಿದ್ಯೆ ಅದು. ಅದರ ಹನ್ನೆರಡು ಪ್ರಯೋಗಗಳಲ್ಲಿ ಬ್ರಾಂಚ್, ಅಂದರೆ ಕೋಡಿನ ಪ್ರತ್ಯೇಕ ಕವಲು, ತೆರೆಯುವುದಿದೆ, ಅದನ್ನು ಮೂಲಕ್ಕೆ ಸೇರಿಸುವ ಮರ್ಜ್ ಇದೆ. ಸ್ಟ್ಯಾಶ್, ಟ್ಯಾಗ್, ಚೆರಿ-ಪಿಕ್ ಇವೆ. ಕೆಲಸ ಮುಗಿದ ಬ್ರಾಂಚನ್ನು ತೆಗೆಯುವ ಪ್ರಯೋಗ ಮಾತ್ರ ಇಲ್ಲ. ಇದು ಸಣ್ಣ ಕೊರತೆಯಲ್ಲ.

ಕೋಡಿನ ಚರಿತ್ರೆ ಕಾಯುವ ತಂತ್ರಾಂಶಗಳ ಮೊದಲ ದಶಕಗಳಲ್ಲಿ ಹಳೆ ಬ್ರಾಂಚುಗಳು ರಾಶಿ ಬೀಳುವ ತೊಂದರೆಯೇ ಇರಲಿಲ್ಲ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್, 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿ ರೂಪಿಸಿದ ಆರ್‌ಸಿಎಸ್ ಎರಡೂ ಒಂದೊಂದು ಫೈಲಿನ ಚರಿತ್ರೆಯನ್ನು ಬೇರೆಬೇರೆಯಾಗಿ ಕಾಯ್ದಿಡುತ್ತಿದ್ದವು. ಆಮೇಲೆ ಬಂದ ಸಿವಿಎಸ್, ಸಬ್‌ವರ್ಶನ್‌ಗಳಲ್ಲಿ ಬ್ರಾಂಚ್ ಇರುತ್ತಿದ್ದದ್ದು ಸರ್ವರಿನಲ್ಲಿ. ಅದು ಎಲ್ಲರ ಕಣ್ಣಿಗೆ ಬೀಳುತ್ತಿತ್ತು, ಮರ್ಜ್ ಮಾಡುವುದು ತಲೆನೋವಿನ ಕೆಲಸವಾಗಿತ್ತು. ಹಾಗಾಗಿ ಬ್ರಾಂಚ್ ತೆರೆಯುವ ಮುನ್ನ ಜನ ಎರಡು ಸಲ ಯೋಚಿಸುತ್ತಿದ್ದರು.

2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದ ಮೇಲೆ ಚಿತ್ರವೇ ಬದಲಾಯಿತು. ಗಿಟ್‌ನಲ್ಲಿ ಹೊಸ ಬ್ರಾಂಚ್ ಎಂದರೆ 41 ಬೈಟ್‌ನ ಒಂದು ಪುಟ್ಟ ಫೈಲು: ಕಮಿಟ್‌ನ (ಉಳಿಸಿದ ಒಂದು ಬದಲಾವಣೆಯ) 40 ಅಕ್ಷರದ ಗುರುತು ಅಂದರೆ ಹ್ಯಾಶ್, ಕೊನೆಗೊಂದು ಸಾಲುಮುರಿ, ಅಷ್ಟೇ. ಕ್ಷಣದಲ್ಲಿ ಹುಟ್ಟುತ್ತದೆ, ಯಾರಪ್ಪಣೆಯೂ ಬೇಡ. ಪ್ರತಿ ಬಗ್‌ಗೂ ಒಂದು ಬ್ರಾಂಚ್ ತೆರೆಯುವ ರೂಢಿ ಬಿದ್ದದ್ದೂ, ಕೆಲಸ ಮುಗಿದವು ಲ್ಯಾಪ್‌ಟಾಪಿನಲ್ಲೇ ಉಳಿಯತೊಡಗಿದ್ದೂ ಇದರಿಂದಲೇ. ಡಿಸ್ಕ್ ತುಂಬೀತೆಂದು ಇವನ್ನು ಅಳಿಸಬೇಕಿಲ್ಲ, 41 ಬೈಟ್‌ಗೆ ಏನು ತುಂಬೀತು! ತೊಂದರೆ ಬೇರೆ. ‘ಲಾಗಿನ್-ಫಿಕ್ಸ್’, ‘ಲಾಗಿನ್-ಫಿಕ್ಸ್-2’, ‘ಲಾಗಿನ್-ಫೈನಲ್’ ಅಕ್ಕಪಕ್ಕ ಕೂತಾಗ ಯಾವುದು ಜೀವಂತ, ಯಾವುದು ಮುಗಿದದ್ದು ಎಂದು ತಿಳಿಯದೆ ಹಳತರ ಮೇಲೆಯೇ ಹೊಸ ಕೆಲಸ ಶುರುವಾಗಿಬಿಡುತ್ತದೆ.

ಪರಿಹಾರಗಳು ಒಂದೊಂದಾಗಿ ಬಂದವು. ‘ಗಿಟ್ ಬ್ರಾಂಚ್’ಗೆ ಮರ್ಜ್ ಆದವನ್ನು ಪಟ್ಟಿ ಮಾಡುವ ‘ಮರ್ಜ್ಡ್’ ಆಯ್ಕೆ ಸೇರಿದ್ದು 2008ರಲ್ಲಿ. ಸರ್ವರಿನಲ್ಲಿ ಇಲ್ಲವಾದ ಬ್ರಾಂಚುಗಳ ಗುರುತನ್ನು ಫೆಚ್ ಮಾಡುವಾಗಲೇ ಅಳಿಸುವ ‘ಪ್ರೂನ್’ ಗಿಟ್‌ನ 1.6.6 ಆವೃತ್ತಿಯಲ್ಲಿ ಬಂತು, 2013ರ 1.8.5ರಿಂದ ಅದನ್ನು ಕಾಯಂ ಸೆಟ್ಟಿಂಗ್ ಮಾಡಿಕೊಳ್ಳಬಹುದಾಯಿತು. ಹೊಸಬರು ಎಡವುವುದು ಇಲ್ಲಿಯೇ. ಪ್ರೂನ್ ಮುಟ್ಟುವುದು ‘ಒರಿಜಿನ್’ ಎಂದು ಶುರುವಾಗುವ ಗುರುತುಗಳನ್ನು ಮಾತ್ರ. ನಮ್ಮದೇ ಲೋಕಲ್ ಬ್ರಾಂಚ್ ಇದ್ದಲ್ಲೇ ಇರುತ್ತದೆ. ‘ಗಿಟ್ ಬ್ರಾಂಚ್’ಗೆ ಎರಡು ‘ವಿ’ ಹಾಕಿ ಪಟ್ಟಿ ತೆಗೆದರೆ ಅದರ ಮುಂದೆ ‘ಗಾನ್’ ಎಂದು ಕಾಣುತ್ತದೆ.

ಲೋಕಲ್ ಬ್ರಾಂಚ್ ಅಳಿಸಲು ‘ಗಿಟ್ ಬ್ರಾಂಚ್’ಗೆ ಎರಡು ಆಯ್ಕೆ: ಸ್ಮಾಲ್ ಡಿ, ಕ್ಯಾಪಿಟಲ್ ಡಿ. ಸ್ಮಾಲ್ ಡಿ ಹಾಕಿದರೆ ಕಮಿಟ್‌ಗಳು ಅಪ್‌ಸ್ಟ್ರೀಮಿನಲ್ಲೋ (ಅದಕ್ಕೆ ಜೋಡಿಸಿದ ಸರ್ವರಿನ ಬ್ರಾಂಚಿನಲ್ಲೋ), ಅದಿಲ್ಲದಿದ್ದರೆ ನಾವು ನಿಂತಿರುವ ಬ್ರಾಂಚಿನಲ್ಲೋ ಸೇರಿವೆಯೇ ಎಂದು ಗಿಟ್ ನೋಡುತ್ತದೆ, ಸೇರಿರದಿದ್ದರೆ ಒಪ್ಪುವುದಿಲ್ಲ. ಕ್ಯಾಪಿಟಲ್ ಡಿ ಏನನ್ನೂ ಕೇಳುವುದಿಲ್ಲ. 2016ರಲ್ಲಿ ಗಿಟ್‌ಹಬ್ ‘ಸ್ಕ್ವಾಶ್ ಮರ್ಜ್’ ತಂದ ಮೇಲೆ ಈ ಕಾವಲು ಗೊಂದಲಕ್ಕೆ ಸಿಕ್ಕಿತು. ಸ್ಕ್ವಾಶ್ ಮಾಡಿದಾಗ ಹತ್ತು ಕಮಿಟ್ ಸೇರಿ ಹೊಸ ಹ್ಯಾಶ್‌ನ ಒಂದೇ ಕಮಿಟ್ ಆಗುತ್ತದೆ. ಹಳೆಯ ಹತ್ತೂ ಮುಖ್ಯ ಬ್ರಾಂಚಾದ ಮೇನ್‌ನಲ್ಲಿ ಕಾಣದ ಕಾರಣ, ಕೋಡ್ ಪೂರ್ತಿ ಸೇರಿದ್ದರೂ ‘ಮರ್ಜ್ ಆಗಿಲ್ಲ’ ಎಂಬ ಉತ್ತರ ಬರುತ್ತದೆ. 2019ರಿಂದ ಮರ್ಜ್ ಆದೊಡನೆ ಸರ್ವರಿನ ಬ್ರಾಂಚನ್ನು ತಾನೇ ಅಳಿಸುವ ಸೆಟ್ಟಿಂಗನ್ನೂ ಗಿಟ್‌ಹಬ್ ಕೊಟ್ಟಿತು. ಹೀಗೆ ‘ಗಾನ್’ ಪಟ್ಟಿ ಬೆಳೆಯಿತು, ಜನರ ಕೈ ಕ್ಯಾಪಿಟಲ್ ಡಿಗೆ ಒಗ್ಗಿತು.

‘ಗಾನ್’ ಎಂದಿರುವುದನ್ನೆಲ್ಲ ಒಂದೇ ಸಾಲಿನ ಕಮಾಂಡಿನಲ್ಲಿ ಕ್ಯಾಪಿಟಲ್ ಡಿಗೆ ಕೊಡುವ ಅಭ್ಯಾಸ ಈಗ ಎಲ್ಲೆಡೆ ಹರಡಿದೆ. ವಿದ್ಯಾರ್ಥಿಗಳು ಅದನ್ನು ಬಳಸಬಾರದು ಎಂದೇ ನನ್ನ ಅಭಿಪ್ರಾಯ. ‘ಗಾನ್’ ಹೇಳುವುದು ಸರ್ವರಿನಲ್ಲಿ ಬ್ರಾಂಚ್ ಇಲ್ಲ ಎಂದಷ್ಟೇ. ಮರ್ಜ್ ಆಗಿದೆ ಎಂದಲ್ಲ. ನೆಟ್‌ವರ್ಕ್ ಸಿಗದ ರಾತ್ರಿ ಮನೆಯಲ್ಲಿ ಕೂತು ಮಾಡಿದ, ಪುಶ್ ಆಗದ ಕೊನೆಯ ಕಮಿಟ್ ಇಂಥಲ್ಲೇ ಹೋಗುವುದು. ಗಿಟ್‌ಹಬ್‌ನಲ್ಲಿ ಮರ್ಜ್ ಕೋರಿಕೆಯಾದ ಪುಲ್ ರಿಕ್ವೆಸ್ಟ್ ತೆರೆದು ನೋಡಿ, ಅದರ ಕೊನೆಯ ಕಮಿಟ್ ಲೋಕಲ್ ಬ್ರಾಂಚಿನದಕ್ಕೆ ಹೊಂದುತ್ತದೆಯೇ ಎಂದು ತಾಳೆ ಹಾಕಿ, ಒಂದೊಂದಾಗಿ ತೆಗೆಯುವುದೇ ಸರಿ.

ಆದರೂ ಅಳಿಸಿದ್ದು ಮರಳಿ ಸಿಗುತ್ತದೆ. ಅಳಿಸುವಾಗ ಗಿಟ್ ಆ ಬ್ರಾಂಚಿನ ಕೊನೆಯ ಹ್ಯಾಶ್ ತೋರಿಸುತ್ತದೆ. ಅದೇ ಹ್ಯಾಶ್ ಕೊಟ್ಟು ಬ್ರಾಂಚ್ ಮತ್ತೆ ತೆರೆಯಬಹುದು. ಟರ್ಮಿನಲ್ ಮುಚ್ಚಿಬಿಟ್ಟಿದ್ದರೆ, ನಾವು ನಿಂತಿದ್ದ ಕಮಿಟ್‌ಗಳ ದಿನಚರಿಯಾದ ರೆಫ್‌ಲಾಗ್‌ನಲ್ಲಿ ಹುಡುಕಬೇಕು. ಎಲ್ಲಿಯೂ ಸೇರದ ಕಮಿಟ್‌ನ ದಾಖಲೆ ಡಿಫಾಲ್ಟ್ ಸೆಟ್ಟಿಂಗಿನಲ್ಲಿ 30 ದಿನ ಅಲ್ಲಿರುತ್ತದೆ.

ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಡಿ, ಹದಿಮೂರನೆಯ ಪ್ರಯೋಗವೊಂದನ್ನು ನೀವೇ ಸೇರಿಸಿ: ಮರ್ಜ್ ಆದ ಬ್ರಾಂಚನ್ನು ಸ್ಮಾಲ್ ಡಿಯಿಂದ ಅಳಿಸುವುದು, ಆಗದ್ದನ್ನು ಗಿಟ್ ತಡೆಯುವುದನ್ನು ನೋಡುವುದು, ಕ್ಯಾಪಿಟಲ್ ಡಿಯಿಂದ ಅಳಿಸಿ ಹ್ಯಾಶ್ ಹಿಡಿದು ಮರಳಿ ತರುವುದು. ಒಂದೇ ಪಿರಿಯಡ್‌ನಲ್ಲಿ ಮುಗಿಯುತ್ತದೆ.