ಕೊಕ್ಕೋ ಬೀಜ ಹುದುಗಿಸುವಾಗ ಉಷ್ಣಾಂಶ ವೀಕ್ಷಣೆ: ಸಂವೇದಕ ಮತ್ತು ಕಿರುಪರದೆಯ ಬಳಕೆ

ಕಾಣಿಯೂರು ಪರಿಸರದ ಅಡಿಕೆ ತೋಟಗಳಲ್ಲಿ ಕೊಕ್ಕೋ ಪ್ರಮುಖ ಅಂತರ ಬೆಳೆ. ಹಸಿಬೀಜವನ್ನೇ ಮಾರುವ ಬೆಳೆಗಾರರಿಗೆ ಈ ಸಾಧನ ಅನಿವಾರ್ಯವಲ್ಲ. ಮನೆಯಲ್ಲಿಯೇ ಹುದುಗಿಸಿ ಒಣಬೀಜ ಮಾಡುವವರಿಗೆ ಮಾತ್ರ ರಾಶಿಯೊಳಗಿನ ಶಾಖವನ್ನು ಅರಿಯುವುದು ಅಗತ್ಯ. ಸಾಕಷ್ಟು ಕಾವೇರದ ಬೀಜ ನೇರಳೆಯಾಗಿಯೇ ಉಳಿದು, ಕಹಿ ಮತ್ತು ಒಗರು ಹೆಚ್ಚಾಗಿ, ಚಾಕೊಲೇಟಿನ ಪರಿಮಳ ಪಡೆಯುವುದಿಲ್ಲ.

ಬೇಕಾಗುವ ಸಾಮಗ್ರಿ
ಆರ್ಡುಯಿನೋ ನ್ಯಾನೋ ಫಲಕ, ಉಕ್ಕಿನ ಕೊಳವೆಯಲ್ಲಿರುವ ಜಲನಿರೋಧಕ ಡಿಎಸ್18ಬಿ20 ಸಂವೇದಕ, 4.7 ಕಿಲೋ ಓಮ್ ರೋಧಕ, 0.96 ಅಂಗುಲದ ಓಎಲ್‌ಇಡಿ ಪರದೆ, 5 ವೋಲ್ಟ್ ಮೊಬೈಲ್ ಚಾರ್ಜರ್. ಈ ಸಂವೇದಕದ ನಿಖರತೆ -10 ರಿಂದ 85 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿಯಲ್ಲಿ ±0.5 ಡಿಗ್ರಿ.

ಜೋಡಣೆ
ಸಂವೇದಕದ ಮಾಹಿತಿ ತಂತಿಯನ್ನು ಡಿ2 ಪಿನ್ನಿಗೆ, ಉಳಿದೆರಡನ್ನು 5 ವೋಲ್ಟ್ ಹಾಗೂ ಗ್ರೌಂಡಿಗೆ ಸೇರಿಸಬೇಕು. ಮಾಹಿತಿ ತಂತಿ ಮತ್ತು 5 ವೋಲ್ಟ್ ನಡುವೆ ರೋಧಕ ಇರಲೇಬೇಕು. ಪರದೆಯ ಎಸ್‌ಡಿಎ ಪಿನ್ನನ್ನು ಎ4ಕ್ಕೆ, ಎಸ್‌ಸಿಎಲ್ ಪಿನ್ನನ್ನು ಎ5ಕ್ಕೆ ಜೋಡಿಸಿ, ಅದರ ವಿದ್ಯುತ್ ಮತ್ತು ಗ್ರೌಂಡ್ ತಂತಿಗಳನ್ನೂ ಸೇರಿಸಬೇಕು. ಪ್ರೋಗ್ರಾಮಿಗೆ ಒನ್‌ವೈರ್, ಡಲ್ಲಾಸ್ ಟೆಂಪರೇಚರ್ ಮತ್ತು ಪರದೆಗೆ ಹೊಂದುವ ಲೈಬ್ರರಿಗಳು ಸಾಕು. ಪೂರ್ಣ ನಿಖರತೆಯ ಪ್ರತಿ ಅಳತೆಗೆ 750 ಮಿಲಿಸೆಕೆಂಡ್ ಕಾಲಾವಕಾಶ ನೀಡಬೇಕು.

ಪರೀಕ್ಷೆ
ಪುಡಿಮಾಡಿದ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಕೊಳವೆಯನ್ನು ಮುಳುಗಿಸಿದಾಗ ಪರದೆಯು ಸುಮಾರು 0 ಡಿಗ್ರಿ ತೋರಿಸಬೇಕು. ವ್ಯತ್ಯಾಸವಿದ್ದಲ್ಲಿ ಪ್ರೋಗ್ರಾಮಿನಲ್ಲಿ ಸರಿಪಡಿಸಿಕೊಳ್ಳಬೇಕು.

ಅಂಕಿ ನೋಡಿ ಕೈಗೊಳ್ಳಬೇಕಾದ ಕ್ರಮ
ಕೊಳವೆಯ ತುದಿ ರಾಶಿಯ ನಡುಭಾಗದಲ್ಲಿರಲಿ. ಹುಳಿರಸ ತಗಲದಂತೆ ಫಲಕ ಮತ್ತು ಪರದೆಯನ್ನು ದೂರವಿಡಬೇಕು.
• ಎರಡು ದಿನ ಕಳೆದರೂ 40 ಡಿಗ್ರಿ ದಾಟದಿದ್ದರೆ: ರಸ ಬಸಿಯುತ್ತಿದೆಯೇ ನೋಡಿ, ಬೀಜ ಮಗುಚಿ, ಗೋಣಿಚೀಲದ ಹೊದಿಕೆ ಹೆಚ್ಚಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಸಣ್ಣ ರಾಶಿಯಲ್ಲಿ, ಕಾವು ಬೇಗನೆ ಚದುರುತ್ತದೆ.
• 45ರಿಂದ 50 ಡಿಗ್ರಿ ಇದ್ದರೆ: ಹುದುಗುವಿಕೆ ಸರಿಯಾಗಿದೆ. ಮೂರನೆಯ ಮತ್ತು ಐದನೆಯ ದಿನ ತಪ್ಪದೆ ಮಗುಚಬೇಕು. ಗಾಳಿಯಾಡಿದಾಗ ಅಸಿಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾ ಚುರುಕಾಗಿ, ಶಾಖ ಹೆಚ್ಚುತ್ತದೆ.
• -127 ತೋರಿಸಿದರೆ: ತಂತಿ ಸಡಿಲಗೊಂಡಿದೆ ಎಂದರ್ಥ.
• ಆರಂಭದಲ್ಲಿ 85 ತೋರಿಸಿದರೆ: ಅದು ರಾಶಿಯ ಉಷ್ಣಾಂಶವಲ್ಲ, ಅಳತೆ ಪೂರ್ಣಗೊಳ್ಳುವ ಮುನ್ನ ಓದಿದ ಅಂಕಿ.

ಪವರ್ ಬ್ಯಾಂಕ್ ಬಳಸುವವರು ಗಮನಿಸಿ: ಸಾಧನವು ಅತ್ಯಲ್ಪ ವಿದ್ಯುತ್ ಎಳೆಯುವುದರಿಂದ ಕೆಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆರಿಹೋಗುತ್ತವೆ.

ಉಷ್ಣಾಂಶವೊಂದೇ ಅಂತಿಮ ಮಾನದಂಡವಲ್ಲ. ಸಾಮಾನ್ಯವಾಗಿ ಆರನೆಯ ದಿನ ಕೆಲವು ಬೀಜಗಳನ್ನು ಸೀಳಿ ನೋಡಿ, ಒಳಗಿನ ನೇರಳೆ ಬಣ್ಣ ಕಂದಿಗೆ ತಿರುಗುತ್ತಿರುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಒಣಗಲು ಹರಡುವುದು ಸೂಕ್ತ.