ನಾರ್ತ್ ಬ್ರದರ್ ದ್ವೀಪದ ಆಸ್ಪತ್ರೆ: ತರುಣರ ಹೆರಾಯಿನ್ ವ್ಯಸನಚಿಕಿತ್ಸೆಯ ಒಂದು ಅಧ್ಯಾಯ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆಲವುಗಳನ್ನೇ ಎಣಿಸುತ್ತಾರೆ. ಸೋತ ಪ್ರಯತ್ನಗಳ ವೃತ್ತಾಂತವು ಹಳೆಯ ವರದಿಗಳಲ್ಲಿ ಅಡಗಿ ಉಳಿಯುತ್ತದೆ. ನ್ಯೂಯಾರ್ಕ್ ನಗರದಲ್ಲಿ 1952ರಿಂದ 1963ರ ವರೆಗೆ, ಹೆರಾಯಿನ್ ಚಟಕ್ಕೆ ಬಿದ್ದ ಎಳೆಯರಿಗಾಗಿಯೇ ನಡೆದ ರಿವರ್‌ಸೈಡ್ ಆಸ್ಪತ್ರೆಯದು ಇಂತಹ ವೃತ್ತಾಂತ. ಆ ಆಸ್ಪತ್ರೆ ವಿಫಲವಾಯಿತೆಂಬ ವಿಷಯದಲ್ಲಿ ವಿವಾದವಿಲ್ಲ. ಆದರೆ ಆ ವೈಫಲ್ಯದಿಂದ ಯಾವ ತೀರ್ಮಾನಕ್ಕೆ ಬರತಕ್ಕುದೆಂಬುದು ಇನ್ನೂ ವಿಚಾರಾರ್ಹವಾಗಿದೆ. ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಮದ್ದಿನ ಪೂರ್ವೋತ್ತರವನ್ನು ನೋಡೋಣ. ಅಫೀಮಿನಿಂದ ದೊರೆಯುವ ಮಾರ್ಫಿನ್ ದ್ರವ್ಯವನ್ನು ಮಾರ್ಪಡಿಸಿ ಈ ವಸ್ತುವನ್ನು ಮೊಟ್ಟಮೊದಲು ತಯಾರಿಸಿದವನು ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಆಲ್ಡರ್ ರೈಟ್, ಕಾಲ 1874. ಜರ್ಮನಿಯ ಬೇಯರ್ ಕಂಪೆನಿಯು 1898ರಲ್ಲಿ ಇದಕ್ಕೆ ಹೆರಾಯಿನ್ ಎಂದು ಹೆಸರಿಟ್ಟು ಕೆಮ್ಮಿನ ಔಷಧವಾಗಿ ಮಾರತೊಡಗಿತು. ಹದಿನೈದು ವರ್ಷಗಳು ಕಳೆಯುವಷ್ಟರಲ್ಲಿ ನ್ಯೂಯಾರ್ಕಿನ ಬಡಕೇರಿಗಳ ತರುಣರು ಅದರ ವಶವಾಗಿದ್ದರು. ಅಮೆರಿಕಾದಲ್ಲಿ 1914ರಲ್ಲಿ ಹ್ಯಾರಿಸನ್ ಕಾಯಿದೆ ಬಂದಿತು. ವ್ಯಸನಿಗೆ ಅವನ ಅಭ್ಯಾಸದ ಮದ್ದನ್ನು ಮುಂದುವರಿಸಿ ಕೊಡುವುದು ವೈದ್ಯನ ಧರ್ಮವಲ್ಲವೆಂದು 1919ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತಿತು. ಅದೇ ವರ್ಷ ನಗರದ ಆರೋಗ್ಯ ಇಲಾಖೆಯು ವರ್ತ್ ಬೀದಿಯಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಏಳು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಹೆಸರು ಬರೆಸಿದರು. ಅವರಲ್ಲಿ ಅನೇಕರು ಎಳೆಯರು. ಮದ್ದನ್ನು ಸಂಪೂರ್ಣವಾಗಿ ಬಿಡಿಸುವುದಕ್ಕಾಗಿ ಕೆಲವರನ್ನು ನಾರ್ತ್ ಬ್ರದರ್ ದ್ವೀಪದ ರಿವರ್‌ಸೈಡ್ ಆಸ್ಪತ್ರೆಗೆ ಕಳುಹಿಸಿದರು. ಹಿಂದಿರುಗಿದವರಲ್ಲಿ ಬಹುಮಂದಿ ಮತ್ತೆ ಚಟಕ್ಕೆ ಬಿದ್ದರು. 1920ರಲ್ಲಿ ಚಿಕಿತ್ಸಾಲಯವು ಮುಚ್ಚಿತು.

ಈ ದ್ವೀಪದ ಪೂರ್ವಚರಿತ್ರೆಯೂ ಗಮನಾರ್ಹವಾದುದು. ಬ್ರಾಂಕ್ಸ್ ದಡದ ಈಚೆಗೆ ಈಸ್ಟ್ ನದಿಯ ಮಧ್ಯದಲ್ಲಿರುವ ಈ ಸಣ್ಣ ನೆಲಕ್ಕೆ 1885ರಲ್ಲಿ ಸಿಡುಬು ಮೊದಲಾದ ಅಂಟುರೋಗಗಳ ಆಸ್ಪತ್ರೆ ಬಂದಿತು. ವಿಷಮಶೀತಜ್ವರದ ಬೀಜವನ್ನು ತನ್ನಲ್ಲಿಟ್ಟುಕೊಂಡು ತಾನು ಆರೋಗ್ಯವಾಗಿದ್ದ ಮೇರಿ ಮ್ಯಾಲನ್ ಎಂಬ ಅಡುಗೆಯವಳನ್ನು 1907ರಿಂದ 1910ರ ವರೆಗೂ, ಮತ್ತೆ 1915ರಿಂದ ಆಕೆಯ ಮರಣಕಾಲವಾದ 1938ರ ವರೆಗೂ ಇಲ್ಲಿಯೇ ಪ್ರತ್ಯೇಕವಾಗಿ ಇರಿಸಿದ್ದರು. ಎರಡನೆಯ ಮಹಾಯುದ್ಧದ ತರುವಾಯ ನಗರದ ಕೇರಿಗಳಲ್ಲಿ ತರುಣರ ಹೆರಾಯಿನ್ ಚಟವು ಪುನಃ ತಲೆಯೆತ್ತಿದಾಗ ಅಧಿಕಾರಿಗಳ ದೃಷ್ಟಿ ಈ ದ್ವೀಪದ ಮೇಲೆ ಬಿದ್ದುದು ಆಶ್ಚರ್ಯವಲ್ಲ. ಚಟವನ್ನು ಅಂಟುಜಾಡ್ಯವೆಂದು ಬಗೆದಲ್ಲಿ ಅಂಟಿದವರನ್ನು ನೀರಿನಾಚೆಗೆ ಸಾಗಿಸುವುದೇ ಉಪಾಯವೆಂದು ತೋರುವುದು ಸಹಜ.

1952ರ ಜುಲೈಯಲ್ಲಿ ಆರಂಭವಾದ ಈ ಹೊಸ ಆಸ್ಪತ್ರೆಯು ಇಪ್ಪತ್ತೊಂದು ವರ್ಷ ತುಂಬದವರಿಗಾಗಿ ಮೀಸಲಾಗಿದ್ದಿತು. ಕೆಲವರು ತಾವಾಗಿ ಬಂದರು. ಹಲವರನ್ನು ನ್ಯಾಯಾಧೀಶರ ಆಜ್ಞೆಯ ಮೇರೆಗೆ ಕರೆತಂದರು. ಇದನ್ನು ಬರಿಯ ಸೆರೆಮನೆಯೆಂದು ಹೇಳುವುದು ಅನ್ಯಾಯವಾದೀತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಸೇವಕರು ಇದ್ದರು. ಮಕ್ಕಳ ವಿದ್ಯಾಭ್ಯಾಸ ನಿಲ್ಲಬಾರದೆಂದು ಶಾಲೆಯೂ ಇದ್ದಿತು. ಬಿಡುಗಡೆಯಾದವರನ್ನು ವಿಚಾರಿಸಿಕೊಳ್ಳುವ ಏರ್ಪಾಡೂ ಇದ್ದಿತು. ಆ ಕಾಲದ ತಿಳಿವಳಿಕೆಗೆ ಎಟುಕಿದ ಸಾಧನಗಳಲ್ಲಿ ಬಹುಭಾಗ ಅಲ್ಲಿ ಸೇರಿದ್ದವೆನ್ನಬಹುದು.

ಫಲವೇನಾಯಿತು? ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಾರ್ವಜನಿಕ ಆರೋಗ್ಯ ವಿಭಾಗದವರು 1955ರಲ್ಲಿ ಅಲ್ಲಿ ಸೇರಿದ್ದ 247 ಮಂದಿಯನ್ನು ಮೂರು ವರ್ಷಗಳ ತರುವಾಯ ಹುಡುಕಿ ವಿಚಾರಿಸಿದರು. ಹನ್ನೊಂದು ಮಂದಿ ತೀರಿಕೊಂಡಿದ್ದರು. ಜೀವದಿಂದಿದ್ದು, ಸೆರೆಮನೆ ಆಸ್ಪತ್ರೆಗಳ ಹೊರಗಿದ್ದು, ಮದ್ದನ್ನು ಮುಟ್ಟದೆ ಇದ್ದವರು ಎಂಟೇ ಮಂದಿ. ಆ ಎಂಟು ಮಂದಿಯೂ ತಾವು ಹಿಂದೆಂದೂ ವ್ಯಸನಿಗಳಾಗಿರಲೇ ಇಲ್ಲವೆಂದು ಹೇಳಿದರು. ಅವರ ಮಾತನ್ನು ನಂಬಿದರೆ, ಆಸ್ಪತ್ರೆ ವಾಸಿಮಾಡಿದ ರೋಗಿ ಒಬ್ಬನೂ ಇಲ್ಲದಂತಾಯಿತು.

ಈ ವರದಿಯನ್ನು ಓದಿದವರು ಸಾಮಾನ್ಯವಾಗಿ ಎರಡು ದಾರಿ ಹಿಡಿದರು. ಎಳೆಯ ವ್ಯಸನಿಯ ಶೀಲವೇ ಕೆಟ್ಟುದು, ಅವನಿಗೆ ಚಿಕಿತ್ಸೆಯಿಲ್ಲ ಎಂಬುದು ಒಂದು ಪಕ್ಷ. ಆಸ್ಪತ್ರೆಯ ಶಿಸ್ತು ಸಾಲದಾಯಿತು ಎಂಬುದು ಎರಡನೆಯದು. ಎರಡೂ ಒಂದೇ ಭಾವನೆಯನ್ನು ಆಧಾರವಾಗಿಟ್ಟುಕೊಂಡಿವೆ: ಮದ್ದನ್ನು ಬಿಡಿಸಿದೊಡನೆ ವೈದ್ಯನ ಕೆಲಸ ಮುಗಿಯಿತು, ಆಮೇಲಿನದೆಲ್ಲ ರೋಗಿಯ ಮನೋದಾರ್ಢ್ಯಕ್ಕೆ ಸೇರಿದ್ದು ಎಂಬುದೇ ಆ ಭಾವನೆ. ಆದರೆ ಐಸಿಡಾರ್ ಚೈನ್ ಮತ್ತು ಆತನ ಸಂಗಡಿಗರು ಇದೇ ನಗರದ ತರುಣರನ್ನು ಕುರಿತು ನಡೆಸಿ 1964ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಈ ಚಟವು ನಗರದಲ್ಲೆಲ್ಲ ಸಮನಾಗಿ ಹರಡಿರಲಿಲ್ಲ. ಅತ್ಯಂತ ಬಡತನದ, ಸಂಸಾರಗಳು ಚೆದರಿದ್ದ ಕೇರಿಗಳಲ್ಲಿ ಮಡುಗಟ್ಟಿ ನಿಂತಿದ್ದಿತು. ದ್ವೀಪದಿಂದ ದೋಣಿಯೇರಿ ಬಂದ ಹುಡುಗನು ಇಳಿದು ಸೇರುತ್ತಿದ್ದುದು ಆ ಕೇರಿಯನ್ನೇ.

ರಿವರ್‌ಸೈಡ್ ಮುಚ್ಚಿದ ಮರುವರ್ಷವೇ ಅದೇ ನಗರದ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ಬೇರೊಂದು ದಾರಿಯನ್ನು ತುಳಿದರು. ಕೆಂಟಕಿಯ ಲೆಕ್ಸಿಂಗ್ಟನ್ ಆಸ್ಪತ್ರೆಯಲ್ಲಿ ಕೆಲವು ದಿನಗಳ ಮಟ್ಟಿಗೆ, ಚಟ ಬಿಡುವಾಗಿನ ಯಾತನೆಯನ್ನು ತಗ್ಗಿಸಲು ಮಾತ್ರ ಕೊಡುತ್ತಿದ್ದ ಮೆಥಡೋನ್ ಔಷಧವನ್ನು ಇವರು ದಿನವೂ, ದೀರ್ಘಕಾಲ ಕೊಟ್ಟರು. 1965ರಲ್ಲಿ ಪ್ರಕಟವಾದ ಅವರ ಮೊದಲ ಲೇಖನವು 22 ಮಂದಿಯನ್ನು ಕುರಿತದ್ದು. ರೋಗಿಗಳು ಕೆಲಸಕ್ಕೆ, ವ್ಯಾಸಂಗಕ್ಕೆ ಮರಳಿದರು.

ಆದರೆ ಈ ಚಿಕಿತ್ಸೆ ಎಳೆಯರ ಪಾಲಿಗೆ ಸುಲಭವಾಗಿ ಬರಲಿಲ್ಲ. ಅಮೆರಿಕಾದ 2001ರ ನಿಯಮದಂತೆ, ಹದಿನೆಂಟು ವರ್ಷದೊಳಗಿನವನು ಹನ್ನೆರಡು ತಿಂಗಳಲ್ಲಿ ಎರಡು ಬಾರಿ ಬೇರೆ ಚಿಕಿತ್ಸೆಯಲ್ಲಿ ಸೋತುದು ದಾಖಲೆಯಾಗಿದ್ದಲ್ಲದೆ ಅವನಿಗೆ ದೀರ್ಘಕಾಲದ ಮೆಥಡೋನ್ ದೊರೆಯುವಂತಿರಲಿಲ್ಲ. ರಿವರ್‌ಸೈಡ್ ಯಾವುದನ್ನು ವೈಫಲ್ಯವೆಂದು ತೋರಿಸಿಕೊಟ್ಟಿತೋ ಅದನ್ನೇ ಹುಡುಗನು ಮೊದಲು ಎರಡಾವೃತ್ತಿ ಅನುಭವಿಸಬೇಕೆಂದು ಕಾನೂನು ವಿಧಿಸಿದಂತಾಯಿತು. ಹೆರಾಯಿನ್ ವಿಷಯದಲ್ಲಿ ಒಂದೊಂದು ಸೋಲೂ ಪ್ರಾಣಾಪಾಯವೇ. ಏಕೆಂದರೆ ಕೆಲಕಾಲ ಮದ್ದು ಬಿಟ್ಟ ದೇಹವು ಹಿಂದಿನ ಪ್ರಮಾಣವನ್ನು ತಡೆದುಕೊಳ್ಳಲಾರದು. ಈ ನಿಬಂಧನೆಯನ್ನು ತೆಗೆದುಹಾಕಿದುದು 2024ರಲ್ಲಿ.

ಈ ನಡುವೆ 2002ರಲ್ಲಿ ಬ್ಯೂಪ್ರೆನಾರ್ಫಿನ್ ಎಂಬ ಔಷಧಕ್ಕೆ ಅಲ್ಲಿ ಅಂಗೀಕಾರ ದೊರೆಯಿತು. ಹದಿನೈದರಿಂದ ಇಪ್ಪತ್ತೊಂದು ವರ್ಷದ 152 ತರುಣರನ್ನು ಕುರಿತು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹನ್ನೆರಡು ವಾರ ಈ ಔಷಧವನ್ನು ಪಡೆದವರಲ್ಲಿ ನೂರಕ್ಕೆ 70 ಮಂದಿ ಕೊನೆಯ ವರೆಗೆ ಚಿಕಿತ್ಸೆಯಲ್ಲಿ ಉಳಿದರು. ಹದಿನಾಲ್ಕು ದಿನಗಳಲ್ಲಿ ಮದ್ದು ಬಿಡಿಸಿದವರಲ್ಲಿ ಉಳಿದವರು ಸುಮಾರು 20 ಮಂದಿ. ಔಷಧವನ್ನು ನಿಲ್ಲಿಸಿದ ಮೇಲೆ ಎರಡು ಪಂಗಡಗಳಲ್ಲಿಯೂ ಚಟವು ಹೆಚ್ಚಾಗಿಯೇ ಕಂಡುಬಂದಿತೆಂಬುದನ್ನು ಮರೆಮಾಡಬಾರದು. ಚಿಕಿತ್ಸೆಯ ಕಾಲಾವಧಿಯನ್ನು ದಿನಗಳಲ್ಲಿ ಎಣಿಸುವುದು ತಪ್ಪೆಂಬುದಕ್ಕೆ ಅದೂ ಒಂದು ಪ್ರಮಾಣ.

ರಿವರ್‌ಸೈಡಿನ ಚರಿತ್ರೆಯಲ್ಲಿ ಸ್ತುತ್ಯವಾದ ಅಂಶವೊಂದುಂಟು: ಅದರ ಫಲವನ್ನು ಎಣಿಸಿ ನೋಡಿದರು, ಎಣಿಸಿದುದನ್ನು ಮುಚ್ಚಿಡಲಿಲ್ಲ. 1920ರ ಅನುಭವವನ್ನು 1952ರಲ್ಲಿ ನೆನೆದಿದ್ದರೆ ಆ 247 ಮಂದಿಯಲ್ಲಿ ಎಷ್ಟು ಜನ ಬೇರೆ ದಾರಿ ಕಾಣುತ್ತಿದ್ದರೋ ಹೇಳಲಾಗದು. ಆಸ್ಪತ್ರೆಯ ಕಟ್ಟಡಗಳು ಈಗ ಪಾಳುಬಿದ್ದು ಮರಬಳ್ಳಿಗಳಲ್ಲಿ ಹುದುಗಿವೆ. ವರದಿಯು ಮಾತ್ರ ಓದುವವರಿಗೆ ದೊರೆಯುತ್ತದೆ.